ಜ್ವಾಲಾಮುಖಿಗೆ ಸಕ್ಕರೆ ಎಷ್ಟು?

ಆ ಮಾತನ್ನು ಆಡಿದ್ದು ವ್ಲಾಸಿಸ್ ಅಲ್ಲ, ಅವನ ಗಂಟಲು.

ಜ್ವಾಲಾಮುಖಿಯ ದ್ವೀಪ ಸ್ಯಾಂಟೊರಿನಿಯ ಸುತ್ತ ಕಡಲಡಿಯ ನೆಲ ಅಲುಗಲು ಶುರುವಾಗಿತ್ತು. ಹಗಲು ರಾತ್ರಿಯೆನ್ನದೆ ಕಪಾಟಿನ ಲೋಟಗಳು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದವು. ಹೋಟೆಲಿನವರು ಸರ್ಕಾರದ ಮಾತಿನಂತೆ ಈಜುಕೊಳಗಳ ನೀರು ಖಾಲಿ ಮಾಡಿಸಿ, ಬೀಗ ಹಾಕಿ, ಹಡಗು ಹತ್ತಿದ್ದರು. ಆ ಹೊತ್ತಿನಲ್ಲಿ ಪಿಗಾದಿ ಊರಿನ ಚೌಕದ ಕಾಫಿ ಅಂಗಡಿಗೆ ಕೆಂಪು ಕೋಟಿನ ಟೀವಿ ಹುಡುಗಿಯೊಬ್ಬಳು ಬಂದಳು. ಮೈಕನ್ನು ವ್ಲಾಸಿಸ್‌ನ ಮೀಸೆಗೆ ತಾಗುವಷ್ಟು ಹತ್ತಿರ ಹಿಡಿದಳು.

"ಎಲ್ರೂ ದ್ವೀಪ ಬಿಟ್ಟು ಹೋಗ್ತಿದಾರೆ. ನೀವು ಅಂಗಡಿ ತೆಗ್ದಿದೀರ. ಭಯ ಆಗಲ್ವಾ?"

ಪಗಡೆ ಆಡುತ್ತಿದ್ದವರು ದಾಳ ಕೈಯಲ್ಲೇ ಹಿಡಿದು ತಿರುಗಿ ನೋಡಿದರು. ಅದೇ ತಪ್ಪಾಯಿತು. ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದನ್ನು ವ್ಲಾಸಿಸ್ ಮದುವೆಯ ದಿನ ಬಿಟ್ಟರೆ ಇನ್ನೆಂದೂ ಕಂಡಿರಲಿಲ್ಲ. ಗಂಟಲು ತಾನಾಗಿಯೇ ತೆರೆದುಕೊಂಡಿತು.

"ಭಯ ಯಾಕಮ್ಮ? ಐವತ್ತಾರರ ಭೂಕಂಪದಲ್ಲೂ ನಮ್ಮಪ್ಪ ಈ ಬಾಗಿಲು ಹಾಕಿರ್ಲಿಲ್ಲ. ಜ್ವಾಲಾಮುಖಿ ಬೇಕಾದ್ರೆ ಒಳಗೆ ಬರ್ಲಿ, ಕೂತ್ಕೊಳ್ಲಿ. ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳ್ತೀನಿ, ಅಷ್ಟೇ."

ಐವತ್ತಾರರಲ್ಲಿ ಅಪ್ಪ ಬಾಗಿಲು ಹಾಕದೆ ಇದ್ದದ್ದು ನಿಜ. ಬಾಗಿಲು ಗೋಡೆಯ ಸಮೇತ ಬಿದ್ದುಹೋಗಿತ್ತು. ಆದರೆ ಅದನ್ನು ಹೇಳುವಷ್ಟರಲ್ಲಿ ಕ್ಯಾಮೆರಾ ಆರಿತ್ತು.

ಅಂದು ಸಂಜೆ ಇಡೀ ಗ್ರೀಸ್ ದೇಶ ಅವನನ್ನು ನೋಡಿತು. ಕಂಡರಿಯದ ಜನ ಫೋನು ಮಾಡಿ "ಸಕ್ಕರೆ ಎಷ್ಟು?" ಎಂದು ಕೇಳಿ ನಕ್ಕು ಇಟ್ಟರು. ಪಿಗಾದಿಯಲ್ಲಿ ಉಳಿದಿದ್ದ ಜನ ಅವನನ್ನು ಕಂಡರೆ ಎದೆ ಸೆಟೆಸಿ ನಡೆಯತೊಡಗಿದರು. ವ್ಲಾಸಿಸ್ ಕೂಡ ಹಗಲೆಲ್ಲ ಎದೆ ಸೆಟೆಸಿಕೊಂಡೇ ಇರುತ್ತಿದ್ದ. ಕತ್ತಲಾದ ಮೇಲೆ ಮಾತ್ರ ಕಂಬಳಿ ಹೊದ್ದು, ಯಾರೂ ಕಾಣದಂತೆ ಹಿತ್ತಲಿನ ಹಳೆಯ ವ್ಯಾನಿನಲ್ಲಿ ಮುದುಡಿ ಮಲಗುತ್ತಿದ್ದ. ಹೆಂಡತಿ ಅರ್ಗೀರೋ ಮೊದಲ ದಿನವೇ ಕಡಲಾಚೆ ಪಿರೇಯಸ್‌ನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ಒಬ್ಬರೇ ಮಲಗುವ ಮನೆಯಲ್ಲಿ ಮಂಚ ಅಲುಗಿದರೆ, ಪಕ್ಕದವರು ಮಗ್ಗುಲಾದರು ಎಂದುಕೊಳ್ಳಲೂ ಆಗುವುದಿಲ್ಲ.

"ನಿನ್ನ ಹೆಸರಲ್ಲಿ ಟಿಕೆಟ್ ತೆಗ್ಸಿದೀನಿ. ಮಂಗಳವಾರ ಮಧ್ಯಾಹ್ನದ ಹಡಗು," ಎಂದಳು ಅರ್ಗೀರೋ ಫೋನಿನಲ್ಲಿ. "ಬರದೆ ಇದ್ರೆ ನೋಡು, ಆಮೇಲೆ ಆ ಜ್ವಾಲಾಮುಖಿ ಹತ್ರಾನೇ ಅಡುಗೆ ಮಾಡಿಸ್ಕೊ."

"ಮಂಗಳವಾರ ನನ್ನ ಹೆಸರಿನ ದಿನ ಕಣೆ."

"ಅದಕ್ಕೇ. ಎಲ್ರೂ ಗುಡಿ ಹತ್ರ ಇರ್ತಾರೆ. ಸದ್ದಿಲ್ದೆ ಜಾರ್ಕೊ."

ಸಂತ ವ್ಲಾಸಿಯೋಸ್‌ನ ದಿನ ಆ ಹೆಸರಿನವರ ಮನೆಗೆ ಊರೇ ಬರುತ್ತದೆ. ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿರಬೇಕು, ಬಂದವರಿಗೆಲ್ಲ ಕುಡಿಯಲು, ತಿನ್ನಲು ಕೊಡಬೇಕು, ಅಷ್ಟೇ. ಆ ದಿನ ಬಾಗಿಲು ಹಾಕಿಕೊಂಡವನ ಮನೆಯಲ್ಲಿ ಸಾವಾಗಿದೆ ಎಂದು ಜನ ತಿಳಿಯುತ್ತಾರೆ. ವ್ಲಾಸಿಸ್ ಎರಡನ್ನೂ ತೂಗಿ ನೋಡಿದ. ಸತ್ತನೆಂದು ತಿಳಿದರೆ ತಿಳಿಯಲಿ, ಸಾಯದಿದ್ದರೆ ಸಾಕು ಎಂದು ತೀರ್ಮಾನಿಸಿದ.

ಮಂಗಳವಾರ ಬೆಳಿಗ್ಗೆ ಪೂಜೆ ಗುಡಿಯ ಹೊರಗೆ, ಅಂಗಳದಲ್ಲೇ ನಡೆಯಿತು. ಛಾವಣಿಯ ಕೆಳಗೆ ಗುಂಪು ಸೇರಬಾರದೆಂದು ಅಪ್ಪಣೆಯಾಗಿತ್ತು. ಪಾದ್ರಿ ಇಯಾಕೊವೋಸ್ ಸಿಹಿ ರೊಟ್ಟಿಯನ್ನು ಹರಸಿ, ಮೊದಲ ತುಂಡನ್ನು ವ್ಲಾಸಿಸ್‌ನ ಕೈಗೆ ಹಾಕಿದರು.

"ನೂರ್ಕಾಲ ಬಾಳಪ್ಪ. ನಿನ್ನ ಸಂತ ಗಂಟಲು ಕಾಯೋನು. ಮೀನಿನ ಮುಳ್ಳು ಸಿಕ್ಕೊಂಡ್ರೆ ಅವನೇ ತೆಗೀಬೇಕು."

'ಗಂಟಲಿನಿಂದ ಹೊರಬಿದ್ದ ಮಾತನ್ನು ಯಾವ ಸಂತ ಹಿಂದಕ್ಕೆ ಹಾಕುತ್ತಾನೆ?' ಎಂದು ಕೇಳಬೇಕೆನಿಸಿತು ವ್ಲಾಸಿಸ್‌ಗೆ. ಅಷ್ಟರಲ್ಲಿ ನೆಲ ಗುರ್ ಎಂದಿತು. ಯಾರೂ ಹಗ್ಗ ಎಳೆಯದೆ ಗುಡಿಯ ಗಂಟೆ ಎರಡು ಬಾರಿ ಢಣ್ ಎಂದಿತು. ನಿವೃತ್ತ ಹಡಗು ಕ್ಯಾಪ್ಟನ್ ಸಿದೆರಿಸ್ ಆಗಲೇ ಫೋನು ತೆಗೆದಿದ್ದ. ಭೂಕಂಪವಾದಾಗಲೆಲ್ಲ ಅದು ಹುಂಜದ ಹಾಗೆ ಕೂಗುತ್ತಿತ್ತು.

"ನಾಲ್ಕು ಪಾಯಿಂಟ್ ಆರು!" ಎಂದ ಕ್ಯಾಪ್ಟನ್, ತಾನೇ ಮಾಡಿಸಿದವನ ಹಾಗೆ.

"ಆಮೆನ್," ಎಂದರು ಪಾದ್ರಿಗಳು, ಮುಖ ಬಿಳುಚಿಕೊಂಡು.

ಎಲ್ಲರೂ ವ್ಲಾಸಿಸ್‌ನ ಕಡೆ ನೋಡಿದರು. ಅವನ ಬಾಯಲ್ಲಿ ರೊಟ್ಟಿ ಸಿಕ್ಕಿಕೊಂಡಿತ್ತು. ನುಂಗಲಾರದೆ ಮೆಲ್ಲಗೆ ಅಗಿದ.

"ನೋಡ್ರೋ, ಆರಾಮಾಗಿ ತಿಂತಿದಾನೆ," ಎಂದು ಯಾರೋ ಮೆಚ್ಚಿದರು.

*

ವ್ಲಾಸಿಸ್ ಪೆಟ್ಟಿಗೆ ಹಿಡಿದು ಹಿತ್ತಲ ಬಾಗಿಲು ತೆರೆದಾಗ, ಬಾಗಿಲಿಗೆ ಸರಿಯಾಗಿ ಪಕ್ಕದ ಮನೆಯ ಅನೆಜಾ ಅತ್ತೆ ನಿಂತಿದ್ದಳು. ಊರಿಗೆಲ್ಲ ಅವಳು ಅತ್ತೆಯೇ. ಕೈಯಲ್ಲಿ ಬಾದಾಮಿ ಮಿಠಾಯಿಯ ತಟ್ಟೆ. ಎಂದೂ ಕಡ್ಡಿಯ ಹಾಗಿರುತ್ತಿದ್ದವಳು ಅಂದು ಯಾಕೋ ಗಂಟೆಯ ಹಾಗೆ ಅಗಲವಾಗಿ ಕಂಡಳು.

"ನೂರ್ಕಾಲ ಬಾಳು ಮಗಾ! ಮುಂದಿನ ಬಾಗಿಲಲ್ಲಿ ಎಲ್ರೂ ಬರ್ತಾರೆ, ಹಿಂದಿನಿಂದ ಬಂದ್ರೆ ಮೊದಲ ಹರಕೆ ನಂದೇ ಆಗುತ್ತೆ ಅಂತ..." ಅತ್ತೆಯ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. "ಇದೇನೋ?"

"ಇದಾ? ಇದು... ಕಂಬಳಿ ಅತ್ತೆ."

"ಕಂಬಳೀನಾ?"

"ಫುಟ್‌ಬಾಲ್ ಮೈದಾನದಲ್ಲಿ ಡೇರೆ ಹಾಕ್ಕೊಂಡಿದಾರಲ್ಲ, ಪಾಪ, ಅವರಿಗೆ."

ಅತ್ತೆಯ ಕಣ್ಣು ತುಂಬಿಬಂತು. ತಟ್ಟೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಎರಡೂ ಕೆನ್ನೆ ಹಿಂಡಿದಳು. "ನಿನ್ನ ಹೆಸರಿನ ದಿನ ನೀನು ಇನ್ನೊಬ್ರ ಚಳಿ ನೆನೆಸ್ತೀಯಲ್ಲೋ! ಕೊಡಿಲ್ಲಿ. ನೀನು ಮನೇಲಿರು, ಜನ ಬರ್ತಾರೆ. ನಾನು ಆ ಕಡೇನೇ ಹೊರಟಿದ್ದೆ."

"ಬೇಡ ಅತ್ತೆ, ಭಾರ—"

"ಭಾರ ಏನ್ ಬಂತು? ತರಕಾರಿ ಗಾಡಿಯೋನು ನಿಂತಿದಾನೆ."

ಆ ವಯಸ್ಸಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಪೆಟ್ಟಿಗೆ ಅವನ ಕೈಯಿಂದ ಹೊರಟುಹೋಯಿತು. ಹಿತ್ತಲ ಗೋಡೆಯಾಚೆ ಗಾಡಿ ಗುರುಗುಟ್ಟಿ ಇಳಿಜಾರು ಸೇರಿತು. ಅದರಲ್ಲಿ ಅವನ ಬಟ್ಟೆ, ಅವನ ಮಾತ್ರೆ, ಅವನ ಮಾನ.

ಟಿಕೆಟ್ ಫೋನಿನಲ್ಲಿತ್ತು, ಫೋನು ಜೇಬಿನಲ್ಲಿತ್ತು. ಬಟ್ಟೆಯಿಲ್ಲದೆ ಹೋದರೂ ಅರ್ಗೀರೋ ಬೈದು ಒಳಗೆ ಬಿಟ್ಟುಕೊಳ್ಳುತ್ತಾಳೆ. ವ್ಯಾನು ಹತ್ತಿ ಕೀಲಿ ತಿರುಗಿಸಿದ. ವಾರವಿಡೀ ಒಳಗೆ ದೀಪ ಹಚ್ಚಿ ಮಲಗಿದ್ದರಿಂದ ಬ್ಯಾಟರಿ ಸತ್ತಿತ್ತು. ವ್ಯಾನು ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ನಡೆದೇ ಹೊರಟ. ಊರ ಹೊರಗಿನ ತಿರುವಿನಲ್ಲಿ ಹಿಂದಿನಿಂದ ಕಾರೊಂದು ನಿಂತಿತು. ಕ್ಯಾಪ್ಟನ್ ಸಿದೆರಿಸ್.

"ಎಲ್ಲಿಗಯ್ಯಾ ಹೆಸರಿನ ದಿನದ ಧಣಿ?"

"ಬಂದರಿನ ಕಡೆ... ಸುಮ್ನೆ."

ಕ್ಯಾಪ್ಟನ್ ಒಂದು ಕ್ಷಣ ತಬ್ಬಿಬ್ಬಾದ. "ನಾನೂ ಅಲ್ಲಿಗೇ. ಸುಮ್ನೆ. ಗಾಳಿ ಹೆಂಗಿದೆ ನೋಡೋಣ ಅಂತ. ಹತ್ತು."

ವ್ಲಾಸಿಸ್ ಮುಂದಿನ ಸೀಟಿನಲ್ಲಿದ್ದ ದಪ್ಪ ಕೋಟನ್ನು ಎತ್ತಿ, "ಇದನ್ನ ಡಿಕ್ಕಿಯಲ್ಲಿ ಇಡ್ಲಾ?" ಎಂದ.

"ಡಿಕ್ಕಿ ಬೇಡ!" ಎಂದು ಕಿರುಚಿದ ಕ್ಯಾಪ್ಟನ್. ಆಮೇಲೆ ದನಿ ತಗ್ಗಿಸಿ, "ತೆಗೆದ್ರೆ ಮತ್ತೆ ಹಾಕೋಕೆ ಬರಲ್ಲ. ತೊಡೆ ಮೇಲಿಟ್ಕೊ."

ಬಂದರಿಗೆ ಇಳಿಯುವ ದಾರಿ ಹಾವಿನಂತೆ ಸುತ್ತಿಕೊಂಡಿದೆ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಬಲೆ ಕಟ್ಟಿದ ಬಂಡೆ. ಬಲೆಯೊಳಗೆ ಉದುರಿದ ಕಲ್ಲುಗಳು ಸಂತೆಚೀಲದಲ್ಲಿನ ಆಲೂಗಡ್ಡೆಯ ಹಾಗೆ ತೂಗುತ್ತಿದ್ದವು. ಇಬ್ಬರೂ ಹಾದಿಯುದ್ದ ಹವಾಮಾನದ ವಿಷಯವನ್ನೇ ಮಾತಾಡಿದರು.

*

ಹಡಗು ಆಗಲೇ ಬಂದು, ಹಿಂಬಾಗಿಲನ್ನು ದಕ್ಕೆಯ ಕಟ್ಟೆಯ ಮೇಲೆ ಚಾಚಿ, ಆಕಳಿಸುವ ತಿಮಿಂಗಿಲದಂತೆ ನಿಂತಿತ್ತು. ಅದರ ಮುಂದೆ ಪಿಗಾದಿಯ ಅರ್ಧ ಊರು. ವ್ಲಾಸಿಸ್‌ನನ್ನು ಕಂಡದ್ದೇ ತಡ, ಎಲ್ಲರೂ ಗಂಟುಮೂಟೆಗಳ ಮುಂದೆ ಬಂದು ಅವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು. ಮೂಲೆಯಲ್ಲಿ ಪಾದ್ರಿ ಇಯಾಕೊವೋಸ್ ಒಂದು ದೊಡ್ಡ ಚೀಲ ಹಿಡಿದು ನಿಂತಿದ್ದರು.

"ಸ್ವಾಮಿಗಳು ಇಲ್ಲಿ?" ಎಂದ ಕ್ಯಾಪ್ಟನ್.

"ಹೊರಟವರನ್ನ ಹರಸೋಕೆ," ಎಂದರು ಪಾದ್ರಿಗಳು. "ಚೀಲದಲ್ಲಿ... ಪೂಜಾ ಸಾಮಾನು. ನೀವು?"

ಜನರೆಲ್ಲ ಕ್ಯಾಪ್ಟನ್‌ನ ಮುಖ ನೋಡಿದರು. ಕ್ಯಾಪ್ಟನ್ ಬೆವರಿದ. ಹಡಗಿನಲ್ಲಿ ಬೆಂಕಿ ಬಿದ್ದಾಗ ಗಂಟೆ ಹೊಡೆಯುವವನಂತೆ ಕೂಗಿದ:

"ವ್ಲಾಸಿಸ್ ಬಂದಿದಾನೆ! ನಿಮ್ಮನ್ನೆಲ್ಲ ಊರಿಗೆ ವಾಪಸ್ ಕರ್ಕೊಂಡ್ಹೋಗೋಕೆ, ತನ್ನ ಹೆಸರಿನ ದಿನಾನೂ ಬಿಟ್ಟು ಬಂದಿದಾನೆ!"

"ಇಲ್ಲ, ಇಲ್ಲ," ಎಂದ ವ್ಲಾಸಿಸ್. "ನೀವು ಹೋಗಿ. ಹೋಗೋರು ಹೋಗ್ಲೇಬೇಕು. ಬೇಗ ಹೋಗಿ. ನಾನೂನೂ..."

ಆಗ ದಕ್ಕೆ ಅಲುಗಿತು. ಸಣ್ಣದಲ್ಲ. ಮೇಲಿನ ಬಲೆಯಿಂದ ಕಲ್ಲುಗಳು ಉರುಳಿ ಧೂಳೆದ್ದಿತು. ಹಡಗಿನ ಸರಪಳಿ ಕಿರುಗುಟ್ಟಿತು. ಜನ ಕಿರುಚುತ್ತ ನಾಲ್ಕೂ ಕಡೆ ಓಡಿದರು. ವ್ಲಾಸಿಸ್‌ಗೂ ಓಡಬೇಕಿತ್ತು, ಅದೂ ಹಡಗಿನೊಳಕ್ಕೆ. ಆದರೆ ಮೊಣಕಾಲುಗಳು ತುಕ್ಕು ಹಿಡಿದ ಬೀಗದ ಹಾಗೆ ಸಿಕ್ಕಿಕೊಂಡವು. ದಕ್ಕೆಯ ನಡುವೆ, ಕೈ ಅರ್ಧ ಮೇಲೆತ್ತಿ, ಬಾಯಿ ಅರ್ಧ ತೆರೆದು, ಅವನೊಬ್ಬನೇ ಕಂಬದಂತೆ ನಿಂತಿದ್ದ.

ಧೂಳು ಇಳಿಯಿತು. ಹುಂಜ ಕೂಗಿತು.

"ಐದು ಪಾಯಿಂಟ್ ಎರಡು," ಎಂದ ಕ್ಯಾಪ್ಟನ್ ಒಂದು ಕಂಬದ ಹಿಂದಿನಿಂದ. "ಕದಲ್ಲಿಲ್ಲ! ನೋಡಿದ್ರಾ? ಮನುಷ್ಯ ಕೂದಲೆಳೆಯಷ್ಟೂ ಕದಲ್ಲಿಲ್ಲ!"

ಆಮೇಲೆ ನಡೆದದ್ದನ್ನು ತಡೆಯಲು ವ್ಲಾಸಿಸ್‌ನಿಂದ ಆಗಲಿಲ್ಲ. ಮೊದಲು ಒಬ್ಬಳು ಹೆಂಗಸು ಕಣ್ಣೊರೆಸಿಕೊಂಡು ತನ್ನ ಚೀಲ ಹೆಗಲಿಗೇರಿಸಿದಳು. "ಕಾಫಿ ಮಾಡೋನಿಗಿರೋ ಧೈರ್ಯ ನಮಗಿಲ್ವಲ್ಲ," ಎಂದಳು. ನಂತರ ಇನ್ನೊಬ್ಬ. ನಾಚಿಕೆ ಶೀತದ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡಿತು. ಪಿಗಾದಿಯ ಜನ ಗಾಲಿಪೆಟ್ಟಿಗೆಗಳನ್ನು ಗಡಗಡ ಎಳೆಯುತ್ತ ಬಸ್ಸಿನ ಕಡೆ ತಿರುಗಿದರು.

"ಟಿಕೆಟ್... ನನ್ನ ಟಿಕೆಟ್..." ಎಂದ ವ್ಲಾಸಿಸ್.

"ಹೌದು ಮಾರಾಯ, ಟಿಕೆಟ್ ಹರಿದು ಬಿಸಾಕಿ ಅಂತಿದಾನೆ!" ಎಂದು ಯಾರೋ ಅರ್ಥ ಮಾಡಿಕೊಂಡು ಕೂಗಿದರು. ಅವನನ್ನು ಎತ್ತಿ ಕಾರಿನೊಳಗೆ ಕೂರಿಸಿದರು. ಪಾದ್ರಿಗಳು ಹಡಗಿನ ಕಡೆ ಒಮ್ಮೆ ದೀರ್ಘವಾಗಿ ನೋಡಿ, ಪೂಜಾ ಸಾಮಾನಿನ ಚೀಲದೊಂದಿಗೆ ಹಿಂದಿನ ಸೀಟಿನಲ್ಲಿ ತೂರಿಕೊಂಡರು. ಹಡಗು ಬಾಯಿ ಮುಚ್ಚಿಕೊಂಡು ಹೊರಟುಹೋಯಿತು.

*

ಕಾಫಿ ಅಂಗಡಿ ತುಂಬಿ ಚೌಕದವರೆಗೂ ಕುರ್ಚಿ ಹಾಕಬೇಕಾಯಿತು. ಹೆಸರಿನ ದಿನ, ಎಲ್ಲ ಬಿಟ್ಟಿ. ವ್ಲಾಸಿಸ್ ಕಾಫಿ ಕಾಯಿಸಿದ, ಬೇಳೆ ಗೊಜ್ಜು ಬಡಿಸಿದ, ಟೊಮೇಟೊ ವಡೆ ಕರಿದ, ದ್ರಾಕ್ಷಿ ಸಾರಾಯಿ ಬಗ್ಗಿಸಿದ. "ಸಕ್ಕರೆ ಎಷ್ಟು?" ಎಂದು ಅವನು ಕೇಳಿದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು. ಹೊರಗೆ ಉತ್ತರದ ಗಾಳಿ ಎದ್ದು ಮೇಜಿನ ಬಟ್ಟೆಗಳನ್ನು ಎತ್ತೆತ್ತಿ ಹಾಕುತ್ತಿತ್ತು.

ಆಗ ಬಾಗಿಲಲ್ಲಿ ಅನೆಜಾ ಅತ್ತೆ ಕಾಣಿಸಿಕೊಂಡಳು. ಕೈಯಲ್ಲಿ ಅವನ ಪೆಟ್ಟಿಗೆ.

ಅವಳು ನೇರ ಬಂದು ಅದನ್ನು ಪಗಡೆಯ ಹಾಸಿನ ಮೇಲೆ ಧಡ್ ಎಂದಿಟ್ಟಳು. ಕಾಯಿಗಳು ಹಾರಿದವು.

"ವ್ಲಾಸಿ, ಇದರಲ್ಲಿ ಏನಿದೆ ಅಂದೆ?"

"ಕಂಬಳಿ..."

"ಡೇರೆಯವರ ಮುಂದೆ ತೆಗೆದ್ನಲ್ಲೋ! ಇಸ್ತ್ರಿ ಮಾಡಿದ ಅಂಗಿ. ಕ್ಷೌರದ ಸಾಮಾನು. ಅರ್ಗೀರೋ ಫೋಟೊ. ಇದು ನೋಡು, ಬಿ.ಪಿ. ಮಾತ್ರೆ. ಯಾವ ಕಂಬಳಿಗೆ ಬಿ.ಪಿ. ಇರುತ್ತೋ?"

ಪಗಡೆಯ ಕಾಯಿ ಹೆಕ್ಕುತ್ತಿದ್ದ ಕೈಗಳು ನಿಂತವು. ಲೋಟಗಳೂ ಅಲುಗಲಿಲ್ಲ. ಗೋಡೆಯ ಮೇಲೆ ಅಪ್ಪನ ಚಿತ್ರ, ಕಳೆದ ಕಂಪನದಿಂದ ಓರೆಯಾಗಿ, ಕುತ್ತಿಗೆ ವಾಲಿಸಿ ಅವನನ್ನೇ ನೋಡುತ್ತಿತ್ತು. ವ್ಲಾಸಿಸ್ ಕೈಯಲ್ಲಿದ್ದ ಕಾಫಿಯ ಹಿಡಿಕೆಪಾತ್ರೆಯನ್ನು ಕೆಳಗಿಟ್ಟ.

"ನಾನು ಹೊರಟಿದ್ದೆ," ಎಂದ. "ಇವತ್ತಿನ ಹಡಗಿಗೆ. ಬಂದರಿಗೆ ಹೋಗಿದ್ದು ಅದಕ್ಕೇ. ನಂಗೆ ಭಯ. ಮೊದಲ ದಿನದಿಂದ ಭಯ. ವ್ಯಾನಲ್ಲಿ ಮಲಗ್ತೀನಿ. ಅಲ್ಲಿ ನಿಂತಿದ್ದು ಧೈರ್ಯಕ್ಕಲ್ಲ, ಕಾಲು ಬರ್ಲಿಲ್ಲ."

ಹೇಳಿ ತಲೆ ತಗ್ಗಿಸಿ, ಉಗಿಸಿಕೊಳ್ಳಲು ಸಿದ್ಧನಾದ.

ಕ್ಯಾಪ್ಟನ್ ಮೇಜು ಗುದ್ದಿದ. "ಹಾಳಾದವ್ನೇ! ಇದನ್ನ ಹೋದ ವಾರಾನೇ ಬೊಗಳೋಕೆ ಏನಾಗಿತ್ತೋ ನಿಂಗೆ?"

"ಏನು?"

"ನನ್ನ ಡಿಕ್ಕಿ ಯಾಕೆ ತೆಗೀಬೇಡ ಅಂದೆ? ಎರಡು ಪೆಟ್ಟಿಗೆ ಇದೆ ಅದರಲ್ಲಿ! ಜೀವಮಾನ ಎಲ್ಲ ಕಡಲಲ್ಲಿ ಕಳೆದೋನು ನಾನು. ಕಾಫಿ ಕಾಯಿಸೋನು ಇಲ್ಲೇ ಇರ್ತೀನಿ ಅಂತ ಟೀವಿಯಲ್ಲಿ ಹೇಳಿದ್ಮೇಲೆ ನಾನು ಯಾವ ಮುಖ ಇಟ್ಕೊಂಡು ಓಡಿಹೋಗ್ಲಿ?"

ಪಾದ್ರಿ ಇಯಾಕೊವೋಸ್ ಗಂಟಲು ಸರಿಮಾಡಿಕೊಂಡರು. ಚೀಲವನ್ನು ಕಾಲಿನಿಂದ ಮುಂದೆ ತಳ್ಳಿದರು. ಬಾಯಿ ಬಿಚ್ಚಿದ ಚೀಲದಿಂದ ಮನೆಯ ಚಪ್ಪಲಿ ಇಣುಕಿತು. "ಕಾಫಿ ಅಂಗಡಿ ತೆರೆದಿರುವಾಗ ದೇವರ ಮನೆಗೆ ಬೀಗ ಹಾಕಿದ್ರೆ, ಬಿಷಪ್ಪರಿಗೆ ಏನಂತ ಹೇಳ್ಲಪ್ಪ?"

"ಮತ್ತೆ ನಾನು ಮೂರು ಲಂಗ ಒಂದ್ರ ಮೇಲೊಂದು ಯಾಕೆ ಹಾಕ್ಕೊಂಡಿದೀನಿ?" ಎಂದಳು ಅನೆಜಾ ಅತ್ತೆ. "ಚಳಿಗಾ? ನಿನ್ನ ಹರಸಿ, ಹಂಗೇ ಹಡಗು ಹತ್ತೋಣ ಅಂತಿದ್ದೆ. ನಿನ್ನ ಕಂಬಳಿ ಪುಣ್ಯಕಾರ್ಯ ನೋಡಿ ನಾಚ್ಕೆಯಾಗಿ ಮೈದಾನದಲ್ಲೇ ಉಳ್ಕೊಂಡೆ. ಪೆಟ್ಟಿಗೆ ತೆಗೆಯೋ ಹೊತ್ತಿಗೆ ಹಡಗು ಕೂಗಿತ್ತು!"

ಮೂಲೆಮೂಲೆಯಿಂದ ದನಿಗಳು ಎದ್ದವು. ಬಂದರಿಗೆ ಹೋಗದವರ ಮನೆಯಲ್ಲೂ ಮಂಚದ ಕೆಳಗೆ ಗಂಟು ಸಿದ್ಧವಿತ್ತು. ಅವರೆಲ್ಲ ವ್ಲಾಸಿಸ್ ಹೊರಡಲೆಂದು ಕಾಯುತ್ತಿದ್ದರು. "ನೀನೊಬ್ಬ ಹೋಗಿದ್ರೆ ಸಾಕಿತ್ತಲ್ಲೋ," ಎಂದು ಒಬ್ಬ ಅಳುವ ದನಿಯಲ್ಲಿ ಅಂದ. ಆಮೇಲೆ ಯಾರೋ ಕಿಸಕ್ಕೆಂದು ನಕ್ಕರು. ನಗು ಮೇಜಿನಿಂದ ಮೇಜಿಗೆ ಹಾರಿತು. ಪಾದ್ರಿಗಳು ಕಣ್ಣೀರು ಬರುವಷ್ಟು ನಕ್ಕರು. ವಾರದಿಂದ ಸೆಟೆದಿದ್ದ ಎದೆಗಳೆಲ್ಲ ಗಾಳಿ ಬಿಟ್ಟ ಟ್ಯೂಬಿನಂತೆ ಒಟ್ಟಿಗೆ ಇಳಿದವು.

ನಾಳೆಯ ಹಡಗಿಗೆ ಊರಿಗೆ ಊರೇ ಹೊರಡುವುದು, ಮೊದಲ ಹೆಜ್ಜೆ ವ್ಲಾಸಿಸ್‌ನದು ಎಂದು ತೀರ್ಮಾನವಾಯಿತು. ಅದಕ್ಕೆಂದು ಇನ್ನೊಂದು ಸುತ್ತು ಸಾರಾಯಿ ಬಗ್ಗಿಸುತ್ತಿದ್ದಾಗ ಕ್ಯಾಪ್ಟನ್‌ನ ಫೋನು ಗುಂಯ್‌ಗುಟ್ಟಿತು. ಹುಂಜವಲ್ಲ, ಬೇರೆ ಸದ್ದು.

"ಬಂದರಿನವರು," ಎಂದ ಕ್ಯಾಪ್ಟನ್. "ಬಿರುಗಾಳಿ. ಗಾಳಿ ಇಳಿಯೋವರೆಗೂ ಒಂದು ಹಡಗೂ ಬರಲ್ಲ, ಹೋಗಲ್ಲ."

"ಪರವಾಗಿಲ್ಲ," ಎಂದಳು ಅತ್ತೆ. "ಗಾಳಿ ಎಷ್ಟು ದಿನ ಇರುತ್ತೆ? ಇಳಿದ ಕೂಡ್ಲೇ ಹೋಗೋಣ. ಈಗ ಯಾರಿಗೆ ಯಾರ ನಾಚ್ಕೆ?"

ಆಗಲೇ ಬಾಗಿಲಿನಲ್ಲಿ ಕೆಂಪು ಕೋಟು ಕಾಣಿಸಿತು. ಹಿಂದೆ ಕ್ಯಾಮೆರಾ, ದೀಪ.

"ವ್ಲಾಸಿಸ್ ಅವ್ರೇ! ಇಡೀ ಊರನ್ನ ಬಂದರಿನಿಂದ ವಾಪಸ್ ಕರ್ಕೊಂಡ್ ಬಂದ್ರಂತೆ! ನೇರ ಪ್ರಸಾರ, ಎರಡೇ ಮಾತು!"

ಅನೆಜಾ ಅತ್ತೆ ಅವನ ಬೆನ್ನು ಚಿವುಟಿದಳು. "ನಿಜ ಹೇಳಿಬಿಡು ಮಗಾ. ಭಯ ಇದೆ, ಗಾಳಿ ನಿಂತ ತಕ್ಷಣ ಎಲ್ರೂ ಹೊರಡ್ತೀವಿ ಅನ್ನು. ಟೀವಿಯಲ್ಲಿ ಕಟ್ಟಿದ ಗಂಟನ್ನ ಟೀವಿಯಲ್ಲೇ ಬಿಚ್ಚು."

ವ್ಲಾಸಿಸ್ ತಲೆಯಾಡಿಸಿದ. ಹೇಳುವುದೆಂದು ನಿರ್ಧರಿಸಿಯೇ ಮುಂದೆ ಬಂದ. ಮೈಕು ಮೀಸೆಗೆ ತಾಗಿತು. ದೀಪ ಹೊತ್ತಿತು. ಸರಿಯಾಗಿ ಆಗಲೇ ನೆಲ ಒಂದು ಸಲ ಮೈಮುರಿಯಿತು. ಬಟ್ಟಲುಗಳೆಲ್ಲ ತಟ್ಟೆಗಳ ಮೇಲೆ ಕಿಣಿಕಿಣಿ ಎಂದವು. ಕೆಂಪು ಕೋಟಿನ ಹುಡುಗಿ ಬೆಚ್ಚಿ ಅವನ ತೋಳು ಹಿಡಿದುಕೊಂಡಳು. ಇಡೀ ಪಿಗಾದಿ, ಇಡೀ ದೇಶ, ಅವನನ್ನು ನೋಡಿತು.

"ಭಯ ಆಗಲ್ವಾ?" ಎಂದಳು ಹುಡುಗಿ, ಈ ಸಲ ನಿಜವಾಗಿಯೂ ಕೇಳುತ್ತ.

ಗಂಟಲು ತಾನಾಗಿಯೇ ತೆರೆದುಕೊಂಡಿತು.

"ಇವತ್ತು ನನ್ನ ಹೆಸರಿನ ದಿನ ಕಣಮ್ಮ," ಎಂದಿತು ಅದು. "ಜ್ವಾಲಾಮುಖಿ ಇವತ್ತೇ ಬಂದ್ರೆ, ಕಾಫಿ ಬಿಟ್ಟಿ."

ದೀಪ ಆರಿತು. ಹುಡುಗಿ ಅವನ ಕೆನ್ನೆಗೆ ಮುತ್ತಿಟ್ಟು ಓಡಿದಳು. ಪಾದ್ರಿಗಳು ಚಪ್ಪಲಿಯನ್ನು ಚೀಲದಿಂದ ಹೊರತೆಗೆದು ಕಾಲಿಗೆ ಹಾಕಿಕೊಂಡರು. ಅನೆಜಾ ಅತ್ತೆ ಎದ್ದು ನಿಂತು, ಮೇಲಿನ ಲಂಗ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ಇನ್ನು ಎರಡು ಸಾಕು," ಎಂದಳು. "ಇಲ್ಲೇ ತಾನೆ ಇರೋದು."

ಅಷ್ಟರಲ್ಲಿ ವ್ಲಾಸಿಸ್ ಇದ್ದಕ್ಕಿದ್ದಂತೆ ನಡುಗಿ ಮೇಜು ಹಿಡಿದುಕೊಂಡ. ಕ್ಯಾಪ್ಟನ್ ತಟ್ಟನೆ ಫೋನು ನೋಡಿದ. ಹುಂಜ ಸುಮ್ಮನಿತ್ತು.

"ಏನೂ ತೋರಿಸ್ತಿಲ್ವಲ್ಲೋ. ಎಷ್ಟು ಪಾಯಿಂಟು?"

"ಇದು ನಿಮ್ಮ ಯಂತ್ರದಲ್ಲಿ ಬರಲ್ಲ ಕ್ಯಾಪ್ಟನ್," ಎಂದು ವ್ಲಾಸಿಸ್ ಜೇಬಿನಲ್ಲಿ ಅದುರುತ್ತಿದ್ದ ಫೋನನ್ನು ಮೆಲ್ಲಗೆ ಹೊರತೆಗೆದ. "ಅರ್ಗೀರೋ ಟೀವಿ ನೋಡಿದಾಳೆ."